ಸೂರ್ಯನ ಅತಿನೇರಳೆ ರೋಹಿತದಿಂದ ವೇಗವನ್ನು ಅಳೆಯುವುದು ಹೇಗೆ: ಐರಿಸ್ ದತ್ತಾಂಶ ಬಳಸುವವರಿಗೆ ಮಾರ್ಗದರ್ಶಿ

ನಾಸಾದ ಐರಿಸ್ ಉಪಗ್ರಹದ ಕಡತವನ್ನು ಇಳಿಸಿಕೊಂಡದ್ದಾಯಿತು, ತೆರೆದದ್ದಾಯಿತು, ಗೆರೆಗಳೂ ಕಂಡವು. ಇನ್ನು ಮುಂದೇನು ಮಾಡಬೇಕು? ಭೌತಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳಿಂದಲೂ ಹವ್ಯಾಸಿ ಖಗೋಳವೀಕ್ಷಕರಿಂದಲೂ ಪದೇ ಪದೇ ಬರುವ ಪ್ರಶ್ನೆ ಇದು. ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವಾಗ ಏನಾದರೊಂದು ಎಚ್ಚರಿಕೆಯ ಮಾತು ಬಿಟ್ಟುಹೋಗುತ್ತಿತ್ತು. ಆದ್ದರಿಂದ ದತ್ತಾಂಶವನ್ನು ಆರಿಸುವುದರಿಂದ ತೊಡಗಿ, ಒಂದು ರೇಖೆಯಿಂದ ವೇಗವನ್ನು ಪಡೆದು ಅದನ್ನು ಸರಿಯಾಗಿ ದಾಖಲಿಸುವವರೆಗಿನ ಕೆಲಸವನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ನಿಮಗೆ ಪದವಿ ಮಟ್ಟದ ಭೌತಶಾಸ್ತ್ರವೂ ಪೈಥಾನ್ ಭಾಷೆಯ ಪ್ರಾಥಮಿಕ ಪರಿಚಯವೂ ಇದೆ ಎಂದು ಭಾವಿಸಿಕೊಂಡಿದ್ದೇನೆ.

ಮೊದಲು ತಿಳಿದಿರಬೇಕಾದದ್ದು

ನಮ್ಮ ಕಣ್ಣಿಗೆ ಕಾಣುವ ಸೂರ್ಯನ ಮೇಲ್ಮೈ, ಅಂದರೆ ದ್ಯುತಿಗೋಳ, ಸುಮಾರು 5,800 ಕೆಲ್ವಿನ್ ಉಷ್ಣತೆಯದು. ಅದರ ಮೇಲೆ ಸುಮಾರು ಹತ್ತು ಸಾವಿರ ಕೆಲ್ವಿನ್ ಮಟ್ಟದ ವರ್ಣಗೋಳ, ಎಲ್ಲಕ್ಕಿಂತ ಹೊರಗೆ ಹತ್ತು ಲಕ್ಷ ಕೆಲ್ವಿನ್ ದಾಟಿದ ಕರೋನಾ. ಇವೆರಡರ ನಡುವೆ ಉಷ್ಣತೆ ಥಟ್ಟನೆ ಮೇಲೇರುವ ತೆಳುವಾದ ಪದರಕ್ಕೆ ಸಂಕ್ರಮಣ ವಲಯ ಎನ್ನುತ್ತಾರೆ. ದೂರದ ಅತಿನೇರಳೆ ಭಾಗದಲ್ಲಿ, ಅಂದರೆ ಸುಮಾರು 1,600 ಆಂಗ್‌ಸ್ಟ್ರಮ್‌ಗಿಂತ ಕಡಿಮೆ ತರಂಗಾಂತರದಲ್ಲಿ, ದ್ಯುತಿಗೋಳದ ಬೆಳಕು ತೀರ ಕ್ಷೀಣಿಸುತ್ತದೆ. ಬಿಸಿಯಾದ ಮೇಲಿನ ಪದರಗಳ ಅಯಾನುಗಳು ಹೊಮ್ಮಿಸುವ ಉತ್ಸರ್ಜನ ರೇಖೆಗಳು ಕಪ್ಪು ಹಿನ್ನೆಲೆಯ ಮೇಲೆ ಹೊಳೆಯುತ್ತವೆ. (10 ಆಂಗ್‌ಸ್ಟ್ರಮ್ ಎಂದರೆ 1 ನ್ಯಾನೋಮೀಟರ್.) ಈ ಬೆಳಕನ್ನು ನಮ್ಮ ವಾಯುಮಂಡಲ ನೆಲಕ್ಕೆ ಬಿಡುವುದಿಲ್ಲ. 1946ರ ಅಕ್ಟೋಬರ್ 10ರಂದು ಅಮೆರಿಕದ ನೌಕಾ ಸಂಶೋಧನಾ ಪ್ರಯೋಗಾಲಯದವರು ವಿ-2 ರಾಕೆಟ್ಟಿನಲ್ಲಿ ರೋಹಿತಲೇಖಿಯನ್ನು ಕಳುಹಿಸಿದ ಮೇಲಷ್ಟೇ ಓಝೋನ್ ಪದರದ ಆಚೆಗಿನ ಸೂರ್ಯನ ರೋಹಿತ ಮೊದಲಬಾರಿಗೆ ನಮಗೆ ಸಿಕ್ಕಿತು.

ನಾವು ಬಳಸಲಿರುವುದು ನಾಸಾದ ಐರಿಸ್ ಉಪಗ್ರಹದ ದತ್ತಾಂಶ. 2013ರ ಜೂನ್‌ನಲ್ಲಿ ಕಕ್ಷೆ ಸೇರಿದ ಈ ಉಪಗ್ರಹದ ಉಪಕರಣದಲ್ಲಿ 0.33 ಕೋನಸೆಕೆಂಡ್ ಅಗಲದ, 175 ಕೋನಸೆಕೆಂಡ್ ಉದ್ದದ, ಬೆಳಕು ಒಳಹೋಗುವ ಸೀಳುಗಂಡಿಯಿದೆ. (ಕೋನಸೆಕೆಂಡ್ ಎಂದರೆ ಒಂದು ಡಿಗ್ರಿಯ 3,600ನೇ ಒಂದು ಭಾಗ.) ಸೂರ್ಯನ ಮೇಲೆ ಒಂದು ಕೋನಸೆಕೆಂಡ್ ಎಂದರೆ ಸುಮಾರು 725 ಕಿಲೋಮೀಟರ್ ಆದ್ದರಿಂದ ಸೀಳಿನ ಅಗಲ ಅಲ್ಲಿ ಸರಿಸುಮಾರು 240 ಕಿಲೋಮೀಟರ್‌ನಷ್ಟಾಯಿತು. ಇದು ದಾಖಲಿಸುವ ರೋಹಿತದ ಪಟ್ಟಿಗಳು ಮೂರು: 1332ರಿಂದ 1358, 1389ರಿಂದ 1407 ಮತ್ತು 2783ರಿಂದ 2834 ಆಂಗ್‌ಸ್ಟ್ರಮ್.

ರೇಖೆಗಳ ಹೆಸರಿನಲ್ಲಿ ಒಂದು ತೊಡಕಿದೆ. ತಟಸ್ಥ ಪರಮಾಣುವಿಗೆ 1 ಎಂಬ ಸಂಖ್ಯೆ ಕೊಡುವುದು ರೂಢಿ. ಹಾಗಾಗಿ ಸಿಲಿಕಾನ್-4 ಎಂದರೆ ಮೂರು ಎಲೆಕ್ಟ್ರಾನ್ ಕಳೆದುಕೊಂಡ ಸಿಲಿಕಾನ್, ಕಬ್ಬಿಣ-21 ಎಂದರೆ ಇಪ್ಪತ್ತು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ. ಸಂಖ್ಯೆ ದೊಡ್ಡದಾದಷ್ಟೂ ಅನಿಲ ಹೆಚ್ಚು ಬಿಸಿ ಎಂಬುದು ಸ್ಥೂಲವಾದ ಲೆಕ್ಕ.

ಆದಿತ್ಯ-ಎಲ್1 ದತ್ತಾಂಶದಿಂದಲೇ ಇದನ್ನೆಲ್ಲ ಮಾಡಬಾರದೇ ಎಂದು ಹಲವರು ಕೇಳಿದ್ದಾರೆ. ಆ ನೌಕೆಯ ಸೂಟ್ ದೂರದರ್ಶಕ 2,000ದಿಂದ 4,000 ಆಂಗ್‌ಸ್ಟ್ರಮ್ ವ್ಯಾಪ್ತಿಯಲ್ಲಿ 11 ಶೋಧಕಗಳ ಮೂಲಕ ಸೂರ್ಯನ ಪೂರ್ಣಬಿಂಬದ ಚಿತ್ರಗಳನ್ನು ತೆಗೆಯುತ್ತದೆ. ಅದು ಬೆಳಕನ್ನು ರೋಹಿತವಾಗಿ ಬಿಡಿಸುವುದಿಲ್ಲ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಹೊಸಕೋಟೆಯಲ್ಲಿ ಸಿದ್ಧಪಡಿಸಿದ, ಅದೇ ನೌಕೆಯ ವೆಲ್ಕ್ ಉಪಕರಣದಲ್ಲಿ ರೋಹಿತಲೇಖಿ ಇದೆಯಾದರೂ, ಅದು 5303, 7892 ಮತ್ತು 10747 ಆಂಗ್‌ಸ್ಟ್ರಮ್‌ನ ರೇಖೆಗಳನ್ನು, ಅಂದರೆ ಗೋಚರ ಮತ್ತು ಅವಕೆಂಪು ಬೆಳಕನ್ನು ನೋಡುತ್ತದೆ. ಆದ್ದರಿಂದ ಅತಿನೇರಳೆ ರೋಹಿತಕ್ಕೆ ಐರಿಸ್ ಬೇಕು. ಐರಿಸ್‌ನ ಕಿರಿದಾದ ಸೀಳು ಸೂರ್ಯಬಿಂಬದ ಯಾವ ಪ್ರದೇಶದ ಮೇಲಿತ್ತು, ಸುತ್ತಮುತ್ತ ಏನು ನಡೆಯುತ್ತಿತ್ತು ಎಂಬುದನ್ನು ತಿಳಿಯಲು ಮಾತ್ರ ಸೂಟ್ ಚಿತ್ರಗಳು ಬಹಳ ಒಳ್ಳೆಯ ಒತ್ತಾಸೆ.

ಬೇಕಾಗುವ ಸಾಮಗ್ರಿ

8 ಗಿಗಾಬೈಟ್ ಸ್ಮೃತಿಯ ಸಾಧಾರಣ ಲ್ಯಾಪ್‌ಟಾಪ್ ಸಾಕು. ಪೈಥಾನ್‌ನಲ್ಲಿ ಆಸ್ಟ್ರೋಪೈ, ಸನ್‌ಪೈ ಮತ್ತು ಐರಿಸ್‌ಪೈ ಪೊಟ್ಟಣಗಳನ್ನು ಹಾಕಿಕೊಳ್ಳಿ. ರೇಖೆಗಳನ್ನು ಗುರುತಿಸಲು ಕಿಯಾಂಟಿ ಎಂಬ ಪರಮಾಣು ದತ್ತಕೋಶ ಬೇಕು. ಇದು ಯಾವ ಅಯಾನು ಯಾವ ಉಷ್ಣತೆಯಲ್ಲಿ ಎಷ್ಟು ಬೆಳಕು ಚೆಲ್ಲುತ್ತದೆ ಎಂಬ ಲೆಕ್ಕದ ಭಂಡಾರ. ಎಲ್ಲವೂ ಉಚಿತ. ಐರಿಸ್ ದತ್ತಾಂಶವೂ ಸಾರ್ವಜನಿಕವಾಗಿದ್ದು ಯಾರ ಅನುಮತಿಯನ್ನೂ ಕೇಳಬೇಕಿಲ್ಲ.

1. ವೀಕ್ಷಣೆಯನ್ನು ಆರಿಸಿಕೊಳ್ಳಿ

ಐರಿಸ್ ವೀಕ್ಷಣೆಗಳಲ್ಲಿ ಎರಡು ಬಗೆ. ಸೀಳನ್ನು ಹೆಜ್ಜೆಹೆಜ್ಜೆಯಾಗಿ ಪಕ್ಕಕ್ಕೆ ಸರಿಸುತ್ತ ಒಂದು ಪ್ರದೇಶವನ್ನೆಲ್ಲ ಗುಡಿಸಿದಂತೆ ದಾಖಲಿಸುವುದಕ್ಕೆ ರಾಸ್ಟರ್ ಎನ್ನುತ್ತಾರೆ. ಸೀಳನ್ನು ಒಂದೇ ಕಡೆ ಇಟ್ಟು ಕಾಲದೊಂದಿಗೆ ಏನಾಗುತ್ತದೆಂದು ನೋಡುವುದು ಇನ್ನೊಂದು. ಮೊದಲ ಪ್ರಯತ್ನಕ್ಕೆ ಸೂರ್ಯಬಿಂಬದ ನಡುಭಾಗದ ಸಮೀಪವಿರುವ ಸೌರಕಲೆ ಪ್ರದೇಶದ ರಾಸ್ಟರನ್ನು ಆರಿಸಿ. ಅಲ್ಲಿ ರೇಖೆಗಳು ಪ್ರಕಾಶಮಾನವಾಗಿರುತ್ತವೆ, ವೇಗದ ಅರ್ಥವನ್ನು ಹೇಳುವುದೂ ಸುಲಭ.

ಹಂತ 2 ಎಂದು ಗುರುತಿಸಿರುವ ಕಡತಗಳನ್ನೇ ಇಳಿಸಿಕೊಳ್ಳಿ, ಏಕೆಂದರೆ ಅವುಗಳಲ್ಲಿ ಉಪಕರಣದ ಮೂಲಭೂತ ತಿದ್ದುಪಡಿಗಳು ಆಗಲೇ ಮುಗಿದಿರುತ್ತವೆ. ಕಡತದ ಹೆಸರಿನಲ್ಲಿರುವ ಸಮಯ ವಿಶ್ವಕಾಲಮಾನದ್ದು; ಭಾರತೀಯ ಸಮಯಕ್ಕೆ ಐದೂವರೆ ಗಂಟೆ ಕೂಡಿಸಬೇಕು. ಸೂಟ್ ಚಿತ್ರದೊಂದಿಗೆ ಹೋಲಿಸುವವರು ಇಲ್ಲೇ ಎಡವುತ್ತಾರೆ.

2. ಕಡತವನ್ನು ತೆರೆದು, ಲೆಕ್ಕ ಹಾಕುವ ಮೊದಲು ಕಣ್ಣಿನಿಂದ ನೋಡಿ

ಇದನ್ನು ದಾಟಿ ಓಡಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಐರಿಸ್‌ಪೈ ಮೂಲಕ ರಾಸ್ಟರ್ ಕಡತವನ್ನು ಓದಿಸಿ, ಸಿಲಿಕಾನ್-4 ರೇಖೆಯ ‘1403’ ಎಂಬ ಹೆಸರಿನ ಪಟ್ಟಿಯನ್ನು ತೆಗೆದುಕೊಂಡು, ಸೀಳಿನ ಒಂದೇ ಒಂದು ಸ್ಥಾನದ ಚಿತ್ರವನ್ನು ಪರದೆಯ ಮೇಲೆ ಹಾಕಿ. ಅಡ್ಡಕ್ಕೆ ತರಂಗಾಂತರ, ಮೇಲಿಂದ ಕೆಳಕ್ಕೆ ಸೀಳಿನ ಉದ್ದ. 1402.77 ಆಂಗ್‌ಸ್ಟ್ರಮ್ ಬಳಿ ನೂಲಿನಂಥ ಹೊಳೆಯುವ ಲಂಬರೇಖೆ ಕಾಣುತ್ತದೆ. ನಿಧಾನವಾಗಿ ಮೇಲಿನಿಂದ ಕೆಳಗೆ ನೋಡುತ್ತ ಬಂದರೆ ನೂಲು ಎಲ್ಲ ಕಡೆಯೂ ನೇರವಾಗಿಲ್ಲವೆಂದು ತಿಳಿಯುತ್ತದೆ: ಒಂದು ಕಡೆ ತುಸು ಬಲಕ್ಕೆ ವಾಲಿದೆ, ಇನ್ನೊಂದು ಕಡೆ ಉಬ್ಬಿ ದಪ್ಪವಾಗಿದೆ, ಮತ್ತೊಂದು ಕಡೆ ಎರಡೂ ಪಕ್ಕಕ್ಕೆ ಕೂದಲು ಕೆದರಿದಂತೆ ಚಾಚಿಕೊಂಡಿದೆ. ವಾಲಿಕೆಯೇ ಡಾಪ್ಲರ್ ಪಲ್ಲಟ (ಅನಿಲದ ಚಲನೆಯಿಂದ ತರಂಗಾಂತರ ಸರಿಯುವುದು), ಉಬ್ಬೇ ರೇಖೆಯ ಅಗಲ. ಮುಂದೆ ಸಂಖ್ಯೆಗಳಲ್ಲಿ ಬರುವುದೆಲ್ಲ ಇಲ್ಲಿ ಚಿತ್ರವಾಗಿ ಮೊದಲೇ ಇದೆ.

ಅದೇ ಚಿತ್ರದಲ್ಲಿ ಅಡ್ಡಲಾಗಿ ಹಾಯ್ದ ಕಪ್ಪು ಗೆರೆಗಳು ಕಂಡರೆ ಅವು ಸೂರ್ಯನವಲ್ಲ. ರೋಹಿತವನ್ನೂ ಸೀಳಿನ ಸುತ್ತಲ ಚಿತ್ರವನ್ನೂ ಒಂದಕ್ಕೊಂದು ಹೊಂದಿಸಲೆಂದು ಸೀಳಿನ ಮೇಲೆಯೇ ಮಾಡಿರುವ ಗುರುತುಗಳವು.

3. ಕೆಟ್ಟ ಬಿಂದುಗಳನ್ನು ತೆಗೆದುಹಾಕಿ

ದತ್ತಾಂಶ ಇಲ್ಲದ ಜಾಗದಲ್ಲಿ -200 ಎಂಬ ಬೆಲೆಯನ್ನು ತುಂಬಿರುತ್ತಾರೆ. ಅದನ್ನು ಹಾಗೆಯೇ ಬಿಟ್ಟು ಸರಾಸರಿ ತೆಗೆದರೆ ಇಡೀ ಲೆಕ್ಕ ಕೆಡುತ್ತದೆ. ಆ ಬಿಂದುಗಳನ್ನು ಮೊದಲು ಮರೆಮಾಡಿ. ಉಪಗ್ರಹ ದಕ್ಷಿಣ ಅಟ್ಲಾಂಟಿಕ್ ಮೇಲಿನ ವಿಕಿರಣ ಹೆಚ್ಚಿರುವ ವಲಯವನ್ನು ದಾಟುವಾಗ ತೆಗೆದ ಚೌಕಟ್ಟುಗಳಲ್ಲಿ ಬಿಳಿ ಚುಕ್ಕೆ ಮತ್ತು ಗೀರುಗಳು ತುಂಬಿರುತ್ತವೆ. ಅಂಥವನ್ನು ತಿದ್ದಲು ಹೋಗುವುದಕ್ಕಿಂತ ಬಿಟ್ಟುಬಿಡುವುದೇ ಲೇಸು.

ಸಂಖ್ಯೆಗಳ ಮಾನವನ್ನೂ ಇಲ್ಲೇ ತಿಳಿದುಕೊಳ್ಳಿ. ಕಡತದಲ್ಲಿರುವುದು ಉಪಕರಣದ ಎಣಿಕೆ. ದೂರದ ಅತಿನೇರಳೆ ಪಟ್ಟಿಗಳಲ್ಲಿ (ಮೇಲೆ ಹೇಳಿದ ಮೂರರಲ್ಲಿ ಮೊದಲ ಎರಡು) ಒಂದು ಎಣಿಕೆ ಸುಮಾರು 4 ಫೋಟಾನುಗಳಿಗೂ ಸಮೀಪದ ಅತಿನೇರಳೆ ಪಟ್ಟಿಯಲ್ಲಿ (ಮೂರನೆಯದು) ಸುಮಾರು 18 ಫೋಟಾನುಗಳಿಗೂ ಸಮ. ದೂರದ ಅತಿನೇರಳೆ ರೇಖೆಯ ಶಿಖರದಲ್ಲಿ 25 ಎಣಿಕೆ ಇದ್ದರೆ ಅದು 100 ಫೋಟಾನು. ಎಣಿಕೆಯ ಅನಿಶ್ಚಿತತೆ ಅದರ ವರ್ಗಮೂಲದಷ್ಟು, ಅಂದರೆ ನೂರಕ್ಕೆ 10. ಈ ಲೆಕ್ಕ ಮಾಡದೆ ವಕ್ರರೇಖೆ ಹೊಂದಿಸಿದವರಿಗೆ ತಮ್ಮ ಫಲಿತಾಂಶವನ್ನು ಎಷ್ಟು ನಂಬಬೇಕೆಂಬುದೇ ಗೊತ್ತಾಗುವುದಿಲ್ಲ.

4. ತರಂಗಾಂತರದ ಸೊನ್ನೆಯನ್ನು ಖಚಿತಪಡಿಸಿಕೊಳ್ಳಿ

ಹೆಚ್ಚಿನ ತಪ್ಪುಗಳು ಹುಟ್ಟುವುದು ಈ ಘಟ್ಟದಲ್ಲಿ, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ವೇಗದ ಸೂತ್ರ ಸರಳ. ಅಳೆದ ತರಂಗಾಂತರದಿಂದ ನಿಶ್ಚಲ ತರಂಗಾಂತರವನ್ನು (ಅನಿಲ ಚಲಿಸದೆ ಇದ್ದರೆ ಇರಬೇಕಾದದ್ದನ್ನು) ಕಳೆದು, ಬಂದದ್ದನ್ನು ನಿಶ್ಚಲ ತರಂಗಾಂತರದಿಂದ ಭಾಗಿಸಿ, ಬೆಳಕಿನ ವೇಗದಿಂದ ಗುಣಿಸಬೇಕು. 1402.77 ರೇಖೆಯಲ್ಲಿ ಸೆಕೆಂಡಿಗೆ 1 ಕಿಲೋಮೀಟರ್ ವೇಗ ಎಂದರೆ ಕೇವಲ 0.0047 ಆಂಗ್‌ಸ್ಟ್ರಮ್ ಪಲ್ಲಟ. ಐರಿಸ್‌ನ ಒಂದು ರೋಹಿತಬಿಂದುವಿನ ಅಗಲ ಅಲ್ಲಿ ಸುಮಾರು 0.0127 ಆಂಗ್‌ಸ್ಟ್ರಮ್, ವೇಗದಲ್ಲಿ ಹೇಳುವುದಾದರೆ ಸೆಕೆಂಡಿಗೆ 2.7 ಕಿಲೋಮೀಟರ್. ಉಪಗ್ರಹವೇ ಭೂಮಿಯ ಸುತ್ತ ಸೆಕೆಂಡಿಗೆ ಸುಮಾರು ಏಳೂವರೆ ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿದೆ. ಜೊತೆಗೆ ಕಕ್ಷೆಯಲ್ಲಿ ಅದು ಬಿಸಿಯಾಗಿ ತಣಿಯುವಾಗ ರೋಹಿತ ಪತ್ತೆಕಾರಕದ ಮೇಲೆ ತುಸು ಅತ್ತಿತ್ತ ಸರಿಯುತ್ತದೆ. ಹಂತ 2ರ ಕಡತದಲ್ಲಿ ಇವೆರಡನ್ನೂ ತಿದ್ದಿರುತ್ತಾರಾದರೂ ಉಳಿಕೆ ದೋಷ ಇರಬಹುದು. ನೀವೇ ಪರೀಕ್ಷಿಸಿಕೊಳ್ಳಬೇಕು.

ಪರೀಕ್ಷಿಸುವ ಬಗೆ ಹೀಗೆ. ತಣ್ಣಗಿನ ಕೆಳಪದರಗಳಲ್ಲಿ ಹುಟ್ಟುವ ತಟಸ್ಥ ಪರಮಾಣುಗಳ ರೇಖೆಗಳು, ಸಾಕಷ್ಟು ಜಾಗದ ಸರಾಸರಿ ತೆಗೆದಾಗ, ಬಹುಮಟ್ಟಿಗೆ ನಿಶ್ಚಲವಾಗಿರುತ್ತವೆ. ಸಿಲಿಕಾನ್ ಪಟ್ಟಿಯಲ್ಲಿ ಗಂಧಕ-1ರ 1401.51, ಮೊದಲ ಪಟ್ಟಿಯಲ್ಲಿ ಆಮ್ಲಜನಕ-1ರ 1355.60, ಸಮೀಪದ ಅತಿನೇರಳೆಯಲ್ಲಿ ನಿಕಲ್-1ರ 2799.47 ಇದಕ್ಕೆ ಒದಗುತ್ತವೆ. ಇಡೀ ರಾಸ್ಟರಿನ ಸರಾಸರಿ ರೋಹಿತದಲ್ಲಿ ಅವುಗಳ ನಡುಬಿಂದು ಎಲ್ಲಿದೆ ಎಂದು ಅಳೆದು, ಎಷ್ಟು ಸರಿದಿದೆಯೋ ಅಷ್ಟನ್ನು ಎಲ್ಲ ತರಂಗಾಂತರಗಳಿಂದ ಕಳೆಯಿರಿ.

ಗಾಳಿ ಮತ್ತು ನಿರ್ವಾತದ ಗೊಂದಲವನ್ನೂ ಇಲ್ಲೇ ಬಿಡಿಸಿಕೊಳ್ಳಿ. 2,000 ಆಂಗ್‌ಸ್ಟ್ರಮ್‌ಗಿಂತ ಹೆಚ್ಚಿನ ತರಂಗಾಂತರಗಳನ್ನು ಅನೇಕ ಕೋಷ್ಟಕಗಳು ಗಾಳಿಯಲ್ಲಿ ಅಳೆದ ಬೆಲೆಗಳಾಗಿ ಕೊಡುತ್ತವೆ. ಐರಿಸ್ ಕಡತದಲ್ಲಿರುವುದು ನಿರ್ವಾತದ ಬೆಲೆ. ಮೆಗ್ನೀಷಿಯಮ್-2 ಅಯಾನಿನ ಕೆ ರೇಖೆ ಗಾಳಿಯಲ್ಲಿ 2795.53, ನಿರ್ವಾತದಲ್ಲಿ 2796.35. ಒಂದರ ಬದಲು ಇನ್ನೊಂದನ್ನು ಬಳಸಿದರೆ ಶಾಂತವಾಗಿರುವ ಸೂರ್ಯನ ಮೇಲೂ ಸೆಕೆಂಡಿಗೆ 88 ಕಿಲೋಮೀಟರ್ ವೇಗದ ಹರಿವು ಕಾಣಿಸುತ್ತದೆ. ಇಡೀ ವೇಗದ ನಕ್ಷೆಯಲ್ಲಿ ಎಲ್ಲ ಬಿಂದುಗಳೂ ಒಂದೇ ದಿಕ್ಕಿಗೆ, ಒಂದೇ ದೊಡ್ಡ ವೇಗದಲ್ಲಿ ಓಡುತ್ತಿದ್ದರೆ ಸೂರ್ಯನನ್ನು ಬಿಟ್ಟು ನಿಮ್ಮ ಕೋಷ್ಟಕವನ್ನು ಅನುಮಾನಿಸಿ.

5. ಸಿಲಿಕಾನ್-4 ರೇಖೆಗೆ ಗಾಸಿಯನ್ ಹೊಂದಿಸಿ

ಗಾಸಿಯನ್ ಎಂದರೆ ಗಂಟೆಯಾಕಾರದ ವಕ್ರರೇಖೆ. ಹಿನ್ನೆಲೆಯ ಮಟ್ಟ, ಎತ್ತರ, ನಡುಬಿಂದು, ಅಗಲ ಈ ನಾಲ್ಕನ್ನು ಕಂಡುಹಿಡಿಯುವುದು ಕೆಲಸ. ಆರಂಭದ ಊಹೆಗಳನ್ನು ದತ್ತಾಂಶದಿಂದಲೇ ಕೊಡಿ. ಇಲ್ಲದಿದ್ದರೆ ಹೊಂದಿಕೆ ಎಲ್ಲೋ ಹೋಗಿ ನಿಲ್ಲುತ್ತದೆ.

ಒಂದು ಲೆಕ್ಕವನ್ನು ಕೈಯಾರೆ ಮಾಡೋಣ. ನಡುಬಿಂದು 1402.82 ಬಂತೆನ್ನಿ. ನಿಶ್ಚಲ ಬೆಲೆಗಿಂತ 0.05 ಹೆಚ್ಚು, ವೇಗ ಸೆಕೆಂಡಿಗೆ 10.7 ಕಿಲೋಮೀಟರ್, ಕೆಂಪಿನ ಕಡೆಗೆ, ಅಂದರೆ ನಮ್ಮಿಂದ ದೂರಕ್ಕೆ. ಸಂಕ್ರಮಣ ವಲಯದ ರೇಖೆಗಳಲ್ಲಿ ಸರಾಸರಿಯಾಗಿ ಇಷ್ಟರಮಟ್ಟಿನ ಕೆಂಪು ಪಲ್ಲಟ ಇರುವುದು ಬಹುಕಾಲದಿಂದ ತಿಳಿದ ಸಂಗತಿ. ಗಾಬರಿಯಾಗಿ ಅದನ್ನು ದೋಷವೆಂದು ತಿದ್ದಿಬಿಡಬೇಡಿ.

ಇನ್ನು ಅಗಲ. ರೇಖೆಯ ಎತ್ತರ ಶಿಖರದ 1/ಇ ಭಾಗಕ್ಕೆ (ಸುಮಾರು ನೂರಕ್ಕೆ 37ಕ್ಕೆ) ಇಳಿಯುವಲ್ಲಿ ಅರ್ಧ ಅಗಲ 0.11 ಆಂಗ್‌ಸ್ಟ್ರಮ್ ಬಂತೆನ್ನಿ. ವೇಗದಲ್ಲಿ ಅದು ಸೆಕೆಂಡಿಗೆ 23.5 ಕಿಲೋಮೀಟರ್. ಈ ಅಗಲ ಮೂರು ಕಾರಣಗಳಿಂದ ಕೂಡಿದೆ. ಸಿಲಿಕಾನ್-4 ಹೆಚ್ಚಾಗಿ ಇರುವ ಸುಮಾರು 80,000 ಕೆಲ್ವಿನ್‌ನಲ್ಲಿ ಅಯಾನುಗಳ ಉಷ್ಣಚಲನೆಯಿಂದ ಬರುವ ಪಾಲು 6.9, ಉಪಕರಣವೇ ಸೇರಿಸುವ ಮಸುಕು ಸುಮಾರು 3.3, ಮಿಕ್ಕದ್ದು ಪ್ರಕ್ಷುಬ್ಧ ಚಲನೆ, ಇದಕ್ಕೆ ಉಷ್ಣೇತರ ವೇಗ ಎಂದು ಹೆಸರು. ಇವು ನೇರವಾಗಿ ಕೂಡುವುದಿಲ್ಲ, ವರ್ಗಗಳಾಗಿ ಕೂಡುತ್ತವೆ. 23.5ರ ವರ್ಗದಿಂದ ಉಳಿದೆರಡರ ವರ್ಗಗಳನ್ನು ಕಳೆದು ವರ್ಗಮೂಲ ತೆಗೆದರೆ 22.2 ಬರುತ್ತದೆ. ಉಷ್ಣಚಲನೆಯ ಮೂರು ಪಟ್ಟಿಗೂ ಹೆಚ್ಚಿನ ಈ ಪ್ರಕ್ಷುಬ್ಧತೆ ಎಲ್ಲಿಂದ ಬಂತು ಎಂಬುದು ಕರೋನಾ ಏಕೆ ಅಷ್ಟು ಬಿಸಿ ಎಂಬ ದೊಡ್ಡ ಪ್ರಶ್ನೆಯೊಂದಿಗೆ ಹೆಣೆದುಕೊಂಡಿದೆ. ನಿಮ್ಮ ಲ್ಯಾಪ್‌ಟಾಪಿನ ಮೇಲೆ ಬಂದ ಒಂದು ಸಂಖ್ಯೆ ಅಲ್ಲಿಗೆ ಮುಟ್ಟುತ್ತದೆ ಎಂಬುದೇ ನನ್ನನ್ನು ಇಷ್ಟು ವರ್ಷ ಈ ಕೆಲಸದಲ್ಲಿ ಹಿಡಿದಿಟ್ಟಿದೆ.

ಅಗಲವನ್ನು ಹೇಳುವ ರೂಢಿಗಳು ಮೂರು: ಪ್ರಮಾಣ ವಿಚಲನೆ, 1/ಇ ಅರ್ಧ ಅಗಲ, ಅರ್ಧ ಎತ್ತರದಲ್ಲಿನ ಪೂರ್ಣ ಅಗಲ. ಪ್ರಮಾಣ ವಿಚಲನೆಯನ್ನು 2.355ರಿಂದಲೂ 1/ಇ ಅಗಲವನ್ನು 1.665ರಿಂದಲೂ ಗುಣಿಸಿದರೆ ಮೂರನೆಯದು ಸಿಗುತ್ತದೆ. ಹೊಂದಿಕೆಯ ಪೊಟ್ಟಣಗಳು ಸಾಮಾನ್ಯವಾಗಿ ಮೊದಲನೆಯದನ್ನು ಕೊಡುತ್ತವೆ, ಉಷ್ಣವೇಗದ ಸೂತ್ರ ಎರಡನೆಯದನ್ನು ಕೇಳುತ್ತದೆ. ನಾನು ಇವೆರಡನ್ನು ಒಮ್ಮೆ ಬೆರೆಸಿ ಒಂದು ವಾರದ ಲೆಕ್ಕವನ್ನೆಲ್ಲ ಮತ್ತೆ ಮಾಡಬೇಕಾಯಿತು.

6. ಗಾಸಿಯನ್ ಸಲ್ಲುತ್ತದೆಯೇ ಎಂದು ಪರಿಶೀಲಿಸಿ

ಹೊಂದಿಕೆಯ ಆಜ್ಞೆ ಯಾವ ಆಕಾರಕ್ಕಾದರೂ ಒಂದು ಉತ್ತರ ಕೊಟ್ಟೇ ಕೊಡುತ್ತದೆ. ಆದ್ದರಿಂದ ರಾಸ್ಟರಿನ ಪ್ರತಿ ಬಿಂದುವಿಗೂ ಹೀಗೆ ಹೊಂದಿಸಿ ಪಡೆದ ನಕ್ಷೆಯಲ್ಲಿ ಅತಿ ಹೆಚ್ಚು ವೇಗದ ಹತ್ತು ಬಿಂದುಗಳನ್ನೂ ಅತಿ ಹೆಚ್ಚು ಅಗಲದ ಹತ್ತು ಬಿಂದುಗಳನ್ನೂ ಆರಿಸಿ, ಪ್ರತಿಯೊಂದರ ಮೂಲ ರೇಖಾಕೃತಿಯ ಮೇಲೆ ಹೊಂದಿಸಿದ ವಕ್ರವನ್ನು ಇಟ್ಟು ನೋಡಿ. ಎರಡು ಶಿಖರಗಳಿರುವ ರೇಖೆಗೆ ಒಂದೇ ಗಂಟೆಯನ್ನು ಹೊದಿಸಿದ್ದರೆ ಆ ಅಗಲಕ್ಕೆ ಅರ್ಥವಿಲ್ಲ. ಅಲ್ಲಿ ಎರಡು ಬೇರೆ ಬೇರೆ ಹರಿವುಗಳಿವೆ.

ಸಕ್ರಿಯ ಪ್ರದೇಶಗಳಲ್ಲಿ ಅಲ್ಪಾವಧಿಗೆ ಮಿನುಗುವ ಅತಿನೇರಳೆ ಸ್ಫೋಟಗಳು ಇದಕ್ಕೆ ಒಳ್ಳೆಯ ನಿದರ್ಶನ. ಅವುಗಳಲ್ಲಿ 1393.76ರ ಸಿಲಿಕಾನ್ ರೇಖೆ ಎರಡೂ ಪಕ್ಕಕ್ಕೆ ಹರಡಿಕೊಂಡು, ಆ ಅಗಲದ ನಡುವೆ 1393.33ರಲ್ಲಿ ನಿಕಲ್-2ರ ಸಣ್ಣ ಕಪ್ಪು ಕೊರೆತ ಕಾಣುತ್ತದೆ. ಬಿಸಿಯಾದ ಅನಿಲದ ಬೆಳಕು ಅದರ ಮೇಲಿರುವ ತಣ್ಣನೆಯ ಅನಿಲವನ್ನು ಹಾದು ಬಂದಿದೆ ಎಂಬುದಕ್ಕೆ ಆ ಕೊರೆತವೇ ಸಾಕ್ಷಿ. ಗಾಸಿಯನ್ ಅದನ್ನು ಕಾಣದೆ ಸವರಿಕೊಂಡು ಹೋಗುತ್ತದೆ.

ಎರಡು ಸಿಲಿಕಾನ್ ರೇಖೆಗಳ ಒಟ್ಟು ಪ್ರಕಾಶದ ಅನುಪಾತವನ್ನೂ ನೋಡಿ. ಅನಿಲ ಪಾರದರ್ಶಕವಾಗಿದ್ದರೆ 1393.76ರ ರೇಖೆ 1402.77ರ ಎರಡರಷ್ಟಿರಬೇಕು. ಅನುಪಾತ ಎರಡಕ್ಕಿಂತ ಸ್ಪಷ್ಟವಾಗಿ ದೂರ ಸರಿದರೆ ಪಾರದರ್ಶಕ ಎಂಬ ನಮ್ಮ ಊಹೆ ಅಲ್ಲಿ ನಿಲ್ಲುವುದಿಲ್ಲ.

7. ಮೆಗ್ನೀಷಿಯಮ್ ರೇಖೆಗಳಿಗೆ ಬೇರೆ ಕ್ರಮ ಬೇಕು

ಮೆಗ್ನೀಷಿಯಮ್-2ರ ಕೆ ಮತ್ತು ಎಚ್ ರೇಖೆಗಳು (2796.35 ಮತ್ತು 2803.53) ವರ್ಣಗೋಳದಲ್ಲಿ ಹುಟ್ಟುತ್ತವೆ. ಅಲ್ಲಿ ಅನಿಲ ಈ ಬೆಳಕಿಗೆ ಪಾರದರ್ಶಕವಲ್ಲ. ಫೋಟಾನು ಅನೇಕ ಸಲ ಚದುರಿ ಹೊರಬರುತ್ತದೆ. ಹಾಗಾಗಿ ರೇಖೆಯ ನಡುವೆ ತಗ್ಗು, ಎರಡು ಪಕ್ಕದಲ್ಲಿ ಎರಡು ಶಿಖರ, ಅದರಾಚೆ ಮತ್ತೆರಡು ತಗ್ಗುಗಳು. ಕೆ ರೇಖೆಯಲ್ಲಿ ನಡುವಿನ ತಗ್ಗಿಗೆ ಕೆ3, ಶಿಖರಗಳಿಗೆ ಕೆ2, ಹೊರತಗ್ಗುಗಳಿಗೆ ಕೆ1 ಎಂದು ಹೆಸರು. ಇಡೀ ರೇಖೆಗೆ ಒಂದು ಗಾಸಿಯನ್ ಹೊಂದಿಸುವುದು ತಪ್ಪು. ಕೆ3ರ ಪಲ್ಲಟವನ್ನು ಪ್ರತ್ಯೇಕವಾಗಿ ಅಳೆದರೆ ವರ್ಣಗೋಳದ ಮೇಲ್ಭಾಗದ ವೇಗ ಸಿಗುತ್ತದೆ. ಕೆ2 ಶಿಖರಗಳ ಪ್ರಕಾಶ ಅಲ್ಲಿನ ಉಷ್ಣತೆಯ ಸುಳಿವು ಕೊಡುತ್ತದೆ. ಸೌರಕಲೆಯ ಕಪ್ಪು ನಡುಭಾಗದ ಮೇಲೆ ನಡುತಗ್ಗು ಮುಚ್ಚಿಹೋಗಿ ಒಂದೇ ಶಿಖರ ಉಳಿಯುವುದುಂಟು. ಕೆ3 ಹುಡುಕುವ ನಿಮ್ಮ ಆಜ್ಞಾವಳಿ ಅಲ್ಲಿ ಸುಳ್ಳು ಹೇಳದಂತೆ ನೋಡಿಕೊಳ್ಳಿ.

8. ಸಾಂದ್ರತೆ ಮತ್ತು ಉಷ್ಣತೆಗೆ ಕೈಹಾಕುವ ಮೊದಲು

ಆಮ್ಲಜನಕ-4ರ 1399.77 ಮತ್ತು 1401.16 ರೇಖೆಗಳ ಅನುಪಾತದಿಂದ ಎಲೆಕ್ಟ್ರಾನ್ ಸಾಂದ್ರತೆಯನ್ನು ಅಂದಾಜಿಸಬಹುದು. ಘನ ಸೆಂಟಿಮೀಟರಿಗೆ ಸುಮಾರು 10¹⁰ರಿಂದ 10¹²ವರೆಗಿನ ವ್ಯಾಪ್ತಿಯಲ್ಲಿ ಇದು ಉಪಯುಕ್ತ. ಆದರೆ ಈ ರೇಖೆಗಳು ದುರ್ಬಲ. ಶಾಂತ ಪ್ರದೇಶದಲ್ಲಿ ಅನೇಕ ಬಿಂದುಗಳನ್ನು ಕೂಡಿಸದೆ ಅವು ಏಳುವುದೇ ಇಲ್ಲ. 1401.16ರ ಪಕ್ಕದಲ್ಲೇ ಮೇಲೆ ಹೇಳಿದ ಗಂಧಕ-1ರ 1401.51 ಇದೆ, ರೇಖೆಗಳು ಅಗಲವಾದಾಗ ಎರಡೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಸೌರಜ್ವಾಲೆಯ ದತ್ತಾಂಶವಾದರೆ 1354.08ರಲ್ಲಿ ಕಬ್ಬಿಣ-21 ರೇಖೆಯನ್ನು ಹುಡುಕಿ. ಒಂದು ಕೋಟಿ ಕೆಲ್ವಿನ್ ಮೀರಿದ ಅನಿಲದಿಂದ ಬರುವ ಇದು ಉಷ್ಣಚಲನೆಯಿಂದಲೇ ಅರ್ಧ ಎತ್ತರದಲ್ಲಿ ಸುಮಾರು 0.43 ಆಂಗ್‌ಸ್ಟ್ರಮ್ ಅಗಲವಾಗಿರಬೇಕು. ಅದಕ್ಕಿಂತ ಬಹಳ ಕಿರಿದಾದ ರೇಖೆ ಅಲ್ಲಿ ಕಂಡರೆ ಅದು ಕಬ್ಬಿಣದ್ದಲ್ಲ, ತಣ್ಣಗಿನ ಬೇರೊಂದು ಪರಮಾಣುವಿನದು.

ಪಠ್ಯದಲ್ಲಿ ಸಾಹಾ ಸಮೀಕರಣವನ್ನು ಓದಿದವರು ಅದನ್ನೇ ಇಲ್ಲಿಗೂ ಹಚ್ಚುವುದನ್ನು ನೋಡಿದ್ದೇನೆ. ಮೇಘನಾದ ಸಾಹಾ 1920ರಲ್ಲಿ ಕೊಟ್ಟ ಆ ಸಮೀಕರಣ ಉಷ್ಣ ಸಮತೋಲದಲ್ಲಿರುವ ದಟ್ಟವಾದ ಅನಿಲಕ್ಕೆ ಸಲ್ಲುತ್ತದೆ, ನಕ್ಷತ್ರಗಳ ಮೇಲ್ಮೈಯ ರೋಹಿತಕ್ಕೆ ಅರ್ಥ ಬಂದದ್ದೇ ಅದರಿಂದ. ಕರೋನಾ ಮತ್ತು ಸಂಕ್ರಮಣ ವಲಯ ಅತಿ ವಿರಳ. ಅಲ್ಲಿ ಎಲೆಕ್ಟ್ರಾನುಗಳ ಡಿಕ್ಕಿಯಿಂದ ಆಗುವ ಅಯಾನೀಕರಣಕ್ಕೂ ವಿಕಿರಣ ಹೊಮ್ಮಿಸುತ್ತ ಆಗುವ ಮರುಸಂಯೋಗಕ್ಕೂ ನಡುವೆ ಸಮತೂಕ ಏರ್ಪಡುತ್ತದೆ. ಕಿಯಾಂಟಿ ಈ ಎರಡನೆಯ ಲೆಕ್ಕವನ್ನು ಬಳಸುತ್ತದೆ. ಕ್ಷಣಕ್ಷಣಕ್ಕೂ ಬದಲಾಗುವ ಸ್ಫೋಟಗಳಲ್ಲಿ ಆ ಸಮತೂಕವೂ ತಪ್ಪಬಹುದು.

9. ನಕ್ಷೆ ಮಾಡಿ, ದಾಖಲಿಸಿ

ವೇಗದ ನಕ್ಷೆಯಲ್ಲಿ ಕೆಂಪು ಎಂದರೆ ದೂರಕ್ಕೆ, ನೀಲಿ ಎಂದರೆ ಹತ್ತಿರಕ್ಕೆ. ಬಣ್ಣಪಟ್ಟಿಯ ನಡುವೆ ಸೊನ್ನೆ ಇರುವಂತೆ ಎರಡೂ ಕಡೆ ಸಮ ಮಿತಿ ಇಡಿ. ‘ದೂರಕ್ಕೆ’ ಎಂಬುದನ್ನು ‘ಕೆಳಮುಖ’ ಎಂದು ಓದಬಹುದಾದದ್ದು ಸೂರ್ಯಬಿಂಬದ ನಡುವಿನಲ್ಲಿ ಮಾತ್ರ. ಅಂಚಿನ ಹತ್ತಿರ ಅದೇ ಪಲ್ಲಟ ಮೇಲ್ಮೈಗೆ ಸಮಾಂತರವಾದ ಹರಿವಿನದಾಗಿರಬಹುದು. ಜೊತೆಗೆ ಸಮಭಾಜಕದ ಬಳಿ ಸೂರ್ಯನ ಭ್ರಮಣೆಯೇ ಪೂರ್ವದ ಅಂಚಿನಲ್ಲಿ ಸೆಕೆಂಡಿಗೆ ಸುಮಾರು 2 ಕಿಲೋಮೀಟರ್ ನೀಲಿ, ಪಶ್ಚಿಮದ ಅಂಚಿನಲ್ಲಿ ಅಷ್ಟೇ ಕೆಂಪು ಸೇರಿಸುತ್ತದೆ.

ಫಲಿತಾಂಶದ ಪಕ್ಕದಲ್ಲಿ ಬರೆಯಬೇಕಾದವು: ವೀಕ್ಷಣೆಯ ಸಂಖ್ಯೆ ಮತ್ತು ಸಮಯ, ಬಳಸಿದ ನಿಶ್ಚಲ ತರಂಗಾಂತರ, ಸೊನ್ನೆಯನ್ನು ಯಾವ ರೇಖೆಯಿಂದ ನಿರ್ಧರಿಸಿದಿರಿ, ಅಗಲದ ರೂಢಿ ಯಾವುದು, ಎಷ್ಟು ಬಿಂದುಗಳನ್ನು ಯಾವ ಕಾರಣಕ್ಕೆ ಬಿಟ್ಟಿರಿ. ಬೇರೆ ಬೇರೆ ವರ್ಷಗಳ ಪ್ರಕಾಶವನ್ನು ಹೋಲಿಸುವುದಿದ್ದರೆ ಎಣಿಕೆಗಳನ್ನು ನೇರವಾಗಿ ಹೋಲಿಸಬೇಡಿ. ದೂರದ ಅತಿನೇರಳೆಯಲ್ಲಿ ಉಪಕರಣದ ಸಂವೇದನೆ ವರ್ಷಗಳು ಕಳೆದಂತೆ ಕುಗ್ಗಿದೆ. ಆಯಾ ದಿನಾಂಕದ ಪರಿಣಾಮಕಾರಿ ವಿಸ್ತೀರ್ಣವನ್ನು, ಅಂದರೆ ಉಪಕರಣ ಆ ದಿನ ಎಷ್ಟು ಬೆಳಕನ್ನು ಹಿಡಿಯಬಲ್ಲದಾಗಿತ್ತು ಎಂಬ ಅಳತೆಯನ್ನು, ಬಳಸಿ ಮೊದಲು ಭೌತಿಕ ಮಾನಕ್ಕೆ ಪರಿವರ್ತಿಸಿ, ಆಮೇಲೆ ಹೋಲಿಸಿ.